ನನ್ನ ಮಗನ ಸಾವಿಗೆ ನೀವು ಕೊಟ್ಟ ಅಪರಾಧಿ ನನಗೆ ಬೇಡ

ಮಾನ್ಯ ಪ್ರಾಂಶುಪಾಲರೇ,

ಕಳೆದ ವರ್ಷದ ಮೊದಲ ಸೆಮಿಸ್ಟರಿನಲ್ಲಿ ನಿಮ್ಮ ಕಾಲೇಜಿನ ಮುಂಬಾಗಿಲ ಬಳಿ ಕರೆಂಟು ಹೊಡೆದು ಸತ್ತ ಹುಡುಗನ ತಂದೆ ನಾನು. ಆ ಸಾವಿಗೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿದ್ದ ಹುಡುಗಿಯ ನಿರ್ಲಕ್ಷ್ಯವೇ ಕಾರಣವೆಂದು ತೀರ್ಮಾನಿಸಿ, ಅವಳನ್ನು ಹುದ್ದೆಯಿಂದ ಇಳಿಸಿ, ಎರಡು ವರ್ಷ ಕಾಲೇಜಿನ ಹೊಸ್ತಿಲು ತುಳಿಯದಂತೆ ಹೊರಗೆ ಹಾಕಿದ್ದೀರಿ. ಅದನ್ನು ನನಗೆ ತಿಳಿಸುವಾಗ ಕುರ್ಚಿಯಿಂದ ಎದ್ದು, ನನ್ನ ಭುಜದ ಮೇಲೆ ಕೈಯಿಟ್ಟು, ‘ನಿಮಗೆ ನ್ಯಾಯ ಸಿಕ್ಕಿದೆ’ ಎಂದಿರಿ. ಆ ನ್ಯಾಯವನ್ನು ನಾನು ನಿಮಗೇ ಹಿಂದಿರುಗಿಸುತ್ತಿದ್ದೇನೆ. ಅದು ನನ್ನದಲ್ಲ. ನನ್ನ ಮಗನದಂತೂ ಅಲ್ಲವೇ ಅಲ್ಲ. ಇದನ್ನು ನಿಮ್ಮ ಕೋಣೆಯಲ್ಲೇ, ಬಾಗಿಲು ಹಾಕಿಕೊಂಡು, ಮೆಲುದನಿಯಲ್ಲಿ ಹೇಳಿ ನೋಡಿದೆ. ನಿಮಗೆ ಕೇಳಿಸಲಿಲ್ಲ. ಆದ್ದರಿಂದ ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಎದುರಿಗೆ ಹೇಳುತ್ತಿದ್ದೇನೆ.

ನಾನು ಯಾರೆಂದು ನಿಮಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ನಮ್ಮದು ಕನ್ನಡಕದ ಅಂಗಡಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧದ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಉದ್ದನೆಯ, ಕಿರಿದಾದ ಕೋಣೆ. ಮುಂದೆ ಫ್ರೇಮುಗಳ ಕಪಾಟು, ಕೊನೆಯ ಗೋಡೆಗೆ ಅಕ್ಷರಗಳ ಫಲಕ, ಅದರ ಪಕ್ಕ ಒಂದು ಪರದೆ, ಪರದೆಯ ಹಿಂದೆ ಗಾಜು ಉಜ್ಜುವ ಯಂತ್ರ. ಕಣ್ಣು ನೋಡುವುದು ನನ್ನ ಕೆಲಸ. ಮೂಗಿಗೂ ಕಿವಿಗೂ ಕನ್ನಡಕ ಸರಿಯಾಗಿ ಕೂರುವಂತೆ ಮಾಡುವುದು ನನ್ನ ಹೆಂಡತಿಯ ಕೆಲಸ. ಪರದೆಯ ಹಿಂದೆ ಯಂತ್ರದ ಮುಂದೆ ಕೂರುತ್ತಿದ್ದವನು ಮಗ. ಅವನಿಗೆ ಆ ಜಾಗ ಬಲು ಇಷ್ಟ. ಏಕೆಂದರೆ ಅಲ್ಲಿ ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ.

ಅವನು ಅಷ್ಟು ಸಂಕೋಚದ ಹುಡುಗ. ನನ್ನ ತಾಯಿ ಅವನನ್ನು ‘ಗುಮ್ಮನಗುಸಕ’ ಎಂದೇ ಕರೆಯುತ್ತಿದ್ದಳು. ಕಾಲಕ್ರಮದಲ್ಲಿ ಅದು ಸವೆದು ‘ಗುಮ್ಮ’ ಆಯಿತು. ಪ್ರಾಥಮಿಕ ಶಾಲೆಯಲ್ಲಿದ್ದಾಗ ಒಂದು ದಿನ ಮೇಷ್ಟ್ರು ನಮ್ಮನ್ನು ಕರೆಸಿ, ‘ಹುಡುಗನಿಗೆ ಏನು ಕಾಯಿಲೆ? ಎಷ್ಟು ದಿನದಿಂದ ಬಂದೇ ಇಲ್ಲವಲ್ಲ’ ಎಂದು ಕೇಳಿದರು. ಹುಡುಗ ಒಂದು ದಿನವೂ ತಪ್ಪಿಸಿರಲಿಲ್ಲ. ಹಾಜರಿ ಕೂಗುವಾಗ ಇವನು ‘ಇದ್ದೀನಿ’ ಎಂದದ್ದು ಮೇಷ್ಟ್ರ ಕಿವಿಯವರೆಗೆ ಹೋಗುತ್ತಿರಲಿಲ್ಲ, ಅಷ್ಟೆ. ನಾವು ಎಷ್ಟೋ ವರ್ಷ ಅದನ್ನು ಹೇಳಿಕೊಂಡು ನಕ್ಕಿದ್ದೇವೆ. ಅವನೂ ತಲೆ ತಗ್ಗಿಸಿಕೊಂಡು ನಗುತ್ತಿದ್ದ.

ಇಂಥವನನ್ನು ನಿಮ್ಮ ಕಾಲೇಜಿಗೆ ಸೇರಿಸಿದೆವು. ಪ್ರವೇಶದ ದಿನ ಪೋಷಕರನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ನೀವು ಮಾಡಿದ ಭಾಷಣ ನನಗೆ ಚೆನ್ನಾಗಿ ನೆನಪಿದೆ. ‘ಕಾಲೇಜು ಅಂದರೆ ನಾಲ್ಕು ಗೋಡೆಯ ತರಗತಿಯಲ್ಲ. ಮುಂದೆ ಬನ್ನಿ, ಹೊಣೆ ಹೊರಿ. ಹಿಂದಿನ ಬೆಂಚಿನಲ್ಲಿ ನಾಯಕರು ಹುಟ್ಟುವುದಿಲ್ಲ’ ಎಂದಿರಿ. ನನ್ನ ಹೆಂಡತಿ ಮಗನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಸಭಾಂಗಣ ಚಪ್ಪಾಳೆ ತಟ್ಟಿತು, ನಾವೂ ತಟ್ಟಿದೆವು. ಒಳ್ಳೆಯ ಭಾಷಣ, ಸ್ವಾಮಿ. ಒಂದೇ ಒಂದು ಮಾತನ್ನು ನೀವು ಬಿಟ್ಟಿದ್ದಿರಿ: ಹೊಣೆ ಹೊರುವವರು ಮಕ್ಕಳು, ಅಪ್ಪಣೆ ಕೊಡುವವರು ನೀವು ಎಂಬುದನ್ನು.

ತರಗತಿ ಶುರುವಾದ ಮೊದಲ ವಾರ ನಿಮ್ಮ ಗ್ರಂಥಾಲಯದ ಎದುರಿನ ಮರಗಳ ಕೆಳಗೆ ಮೇಜುಗಳನ್ನು ಸಾಲಾಗಿ ಹಾಕಿದ್ದರಂತೆ. ನಾಟಕದವರದು ಒಂದು, ಚಾರಣದವರದು ಒಂದು, ರಕ್ತದಾನದವರದು, ಚರ್ಚಾಕೂಟದವರದು, ಹೀಗೆ. ಹೊಸ ವಿದ್ಯಾರ್ಥಿಗಳು ತಮಗೆ ಬೇಕಾದ ಕಡೆ ಹೋಗಿ ಹೆಸರು ಕೊಡಬೇಕು. ನನ್ನ ಮಗ ಆ ಸಾಲಿನ ಉದ್ದಕ್ಕೂ ನಡೆದ, ಯಾವ ಮೇಜಿನ ಮುಂದೂ ನಿಲ್ಲಲಿಲ್ಲ. ಮತ್ತೆ ನಡೆದ, ಮತ್ತೆ ನಿಲ್ಲಲಿಲ್ಲ. ಆಗ ಕೊನೆಯ ಮೇಜಿನ ಹಿಂದಿನಿಂದ ಒಂದು ಹುಡುಗಿ ಕೂಗಿದಳಂತೆ: ‘ಏಯ್ ಕನ್ನಡಕ! ಆಗ್ಲಿಂದ ಸುತ್ತು ಹಾಕ್ತಾ ಇದ್ದೀಯಲ್ಲ, ಕಾಲು ನೋಯಲ್ವಾ? ಬಾ ಇಲ್ಲಿ, ಕೂತ್ಕೊ. ಈ ಪೆನ್ನು ಹಿಡಿ. ನನಗೆ ಬರೆದೂ ಬರೆದೂ ಸಾಕಾಯ್ತು.’

ಅವಳೇ ನಿಮ್ಮ ಕಾರ್ಯದರ್ಶಿ. ಅದು ಹೊಸಬರನ್ನು ಸ್ವಾಗತಿಸುವ ಗುಂಪಿನ ಮೇಜು. ಸ್ವತಃ ಹೊಸಬನಾದ ನನ್ನ ಮಗ ಆವತ್ತು ಸಂಜೆಯವರೆಗೆ ಅಲ್ಲಿ ಕೂತು ಬೇರೆ ಹೊಸಬರಿಗೆ ಯಾವ ಕೋಣೆ ಎಲ್ಲಿದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಹೇಳಿದ. ಮನೆಗೆ ಬಂದು ಊಟಕ್ಕೆ ಕೂತವನು ಇದನ್ನೆಲ್ಲ ಹೇಳತೊಡಗಿದಾಗ ನನ್ನ ಹೆಂಡತಿ ಸೌಟನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಂತಳು. ನನ್ನ ತಾಯಿ, ‘ಯಾರಪ್ಪಾ ಇದು ಮಾತಾಡ್ತಾ ಇರೋದು? ನಮ್ಮನೆ ಗುಮ್ಮನಾ?’ ಎಂದಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಊಟಕ್ಕೆ ಉಪ್ಪಿಗಿಂತ ಹೆಚ್ಚಾಗಿ ಬೀಳುತ್ತಿದ್ದುದು ಒಂದೇ ಮಾತು: ಅಕ್ಕ. ಅಕ್ಕ ಹೀಗಂದ್ರು. ಅಕ್ಕ ಹಾಗೆ ಮಾಡ್ಬೇಕು ಅಂದ್ರು. ಅಕ್ಕ ನಾಳೆ ಬೇಗ ಬಾ ಅಂದಿದಾರೆ. ಒಡಹುಟ್ಟಿದವರಿಲ್ಲದೆ ಬೆಳೆದ ಹುಡುಗ. ಅಕ್ಕ ಎನ್ನುವಾಗ ಅವನ ಬಾಯಿಗೆ ಆ ಮಾತು ಹೊಸ ಚಪ್ಪಲಿಯ ಹಾಗೆ, ಸ್ವಲ್ಪ ಬಿಗಿ, ಸ್ವಲ್ಪ ಹೆಮ್ಮೆ. ‘ಆ ಅಕ್ಕನ್ನ ಒಂದು ದಿನ ಮನೆಗೆ ಕರ್ಕೊಂಡು ಬಾರೋ’ ಎಂದಳು ನನ್ನ ಹೆಂಡತಿ. ‘ಬರ್ತಾರೆ, ಈ ನಾಯಕತ್ವ ಸಪ್ತಾಹ ಮುಗೀಲಿ’ ಎಂದ.

ನಾಯಕತ್ವ ಸಪ್ತಾಹ. ನಿಮ್ಮ ಕನಸಿನ ಕೂಸು. ಉದ್ಘಾಟನೆಗೆ ದೊಡ್ಡವರೊಬ್ಬರು ಬರುವವರಿದ್ದರು. ಅವರ ಕಣ್ಣಿಗೆ ಬೀಳಲೆಂದು ಮುಂಬಾಗಿಲ ಪಕ್ಕದಲ್ಲಿ ಎರಡು ಆಳೆತ್ತರಕ್ಕಿಂತಲೂ ದೊಡ್ಡ ಫ್ಲೆಕ್ಸ್ ನಿಲ್ಲಿಸಬೇಕಿತ್ತು. ಫ್ಲೆಕ್ಸ್ ಎಂದರೆ ಬರೀ ಬಟ್ಟೆಯಲ್ಲ, ಅದಕ್ಕೆ ಕಬ್ಬಿಣದ ಚೌಕಟ್ಟು. ಚೌಕಟ್ಟನ್ನು ಮಲಗಿಸಿ ತಂದು, ಬುಡವನ್ನು ಗುಂಡಿಯಲ್ಲಿಟ್ಟು, ಎಲ್ಲರೂ ಸೇರಿ ಮೇಲೆತ್ತಿ ನಿಲ್ಲಿಸಬೇಕು. ಅಲ್ಲೇ ಮೇಲೆ ಬೀದಿಯ ಕರೆಂಟ್ ತಂತಿ ಜೋತುಬಿದ್ದಿತ್ತು. ಇದು ಕೂಲಿಯವರಿಂದ, ಅದೂ ಕರೆಂಟ್ ತೆಗೆಸಿ, ಮಾಡಿಸುವ ಕೆಲಸ. ನೀವು ಅದನ್ನು ಸ್ವಯಂಸೇವಕರಿಗೆ ವಹಿಸಿದಿರಿ. ಅದಕ್ಕೆ ಇಟ್ಟ ಹೆಸರು, ‘ತಂಡಸ್ಫೂರ್ತಿ’.

ಆ ದಿನ ಬೆಳಿಗ್ಗೆ ಮಗ ಬೇಗ ಹೊರಟ. ‘ಮಧ್ಯಾಹ್ನ ಅಲ್ಲೇ ಊಟ, ಕಾಯ್ಬೇಡ’ ಎಂದು ಅಮ್ಮನಿಗೆ ಹೇಳಿದ. ನಾನು ಅಂಗಡಿ ತೆರೆದು ಒಬ್ಬ ಹಿರಿಯರ ಕಣ್ಣು ನೋಡುತ್ತಿದ್ದೆ. ಫೋನು ಬಂತು. ಆ ಫೋನಿನಿಂದ ಆಸ್ಪತ್ರೆಯವರೆಗಿನ ದಾರಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆತ್ತವರಿಗೆ ಬರೆಯದೆಯೇ ಅರ್ಥವಾಗುತ್ತದೆ, ಉಳಿದವರಿಗೆ ಅರ್ಥವಾಗದಿರಲಿ. ಆಸ್ಪತ್ರೆಯ ಓಣಿಯಲ್ಲಿ ಯಾರೋ ನನ್ನ ಕೈಗೆ ಕರವಸ್ತ್ರದಲ್ಲಿ ಸುತ್ತಿದ ಅವನ ಕನ್ನಡಕ ಕೊಟ್ಟರು. ಒಂದು ಗೀರೂ ಇರಲಿಲ್ಲ. ಬಿದ್ದರೂ ಒಡೆಯದಿರಲಿ ಎಂದು ಗಟ್ಟಿ ಫ್ರೇಮನ್ನು ನಾನೇ ಆರಿಸಿ ಮಾಡಿಕೊಟ್ಟಿದ್ದೆ. ಅದು ತನ್ನ ಕೆಲಸ ಮಾಡಿತ್ತು.

ಮಗನನ್ನು ಮನೆಗೆ ತಂದಾಗ ನೀವು ಹಾರ ಹಿಡಿದು ಬಂದಿರಿ. ಛಾಯಾಗ್ರಾಹಕನೂ ಬಂದ. ಹಾರ ಹಾಕಿದ ಮೇಲೆ, ಬೆಳಕು ಸರಿ ಬರಲಿಲ್ಲವೆಂದೋ ಏನೋ, ಅವನು ನಿಮ್ಮನ್ನು ಇನ್ನೊಮ್ಮೆ ಹಾಕಿ ಎಂದು ಕೇಳಿಕೊಂಡ. ನೀವು ಹಾರ ತೆಗೆದು ಮತ್ತೆ ಹಾಕಿದಿರಿ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಆ ಹೊತ್ತಿಗೆ ನನಗೆ ಏನೂ ಅನ್ನಿಸಲೇ ಇಲ್ಲ. ಈಗ ಅನ್ನಿಸುತ್ತಿದೆ.

ಆಮೇಲೆ ತನಿಖಾ ಸಮಿತಿ ಆಯಿತು. ಅದರ ಅಧ್ಯಕ್ಷರು ಯಾರು? ನೀವು. ಸದಸ್ಯರು ಯಾರು? ನಿಮ್ಮಿಂದ ರಜೆ ಮಂಜೂರು ಮಾಡಿಸಿಕೊಳ್ಳುವ ಇಬ್ಬರು ಉಪನ್ಯಾಸಕರು. ಹದಿನೈದು ದಿನವೂ ಆಗಿರಲಿಲ್ಲ, ನಮ್ಮನ್ನು ಕರೆಸಿದಿರಿ. ಚಹಾ ತರಿಸಿದಿರಿ. ‘ಸ್ಥಳದಲ್ಲಿದ್ದ ಮೇಲ್ವಿಚಾರಣೆ ವಿದ್ಯಾರ್ಥಿ ಕಾರ್ಯದರ್ಶಿಯದು. ಆಕೆ ಮುನ್ನೆಚ್ಚರಿಕೆ ವಹಿಸಿಲ್ಲ. ಕ್ರಮ ಕೈಗೊಂಡಿದ್ದೇವೆ’ ಎಂದಿರಿ. ಭುಜದ ಮೇಲೆ ಕೈ, ನ್ಯಾಯದ ಮಾತು, ಎಲ್ಲ ಆವತ್ತಿನದೇ.

ಸುಳ್ಳು ಹೇಳುವುದಿಲ್ಲ: ಆ ದಿನ ನಿಮ್ಮ ಮಾತು ನನಗೆ ಆಸರೆಯಾಯಿತು. ದುಃಖಕ್ಕೆ ಒಂದು ಮುಖ ಸಿಕ್ಕಿದರೆ ಅದು ಸಿಟ್ಟಾಗುತ್ತದೆ, ಸಿಟ್ಟನ್ನು ಹೊರುವುದು ಸುಲಭ. ನನ್ನ ಹೆಂಡತಿಗೆ ಹೇಳದೆ, ಆ ಹುಡುಗಿಯ ಮನೆ ಎಲ್ಲಿ ಎಂದು ವಿಚಾರಿಸಿಕೊಂಡು ಹೋದೆ. ಅವಳ ಮುಖಕ್ಕೆ ಒಂದೇ ಮಾತು ಹೇಳಿ ಬರಬೇಕೆಂದು ದಾರಿಯುದ್ದಕ್ಕೂ ಆ ಮಾತನ್ನು ಮಸೆಯುತ್ತಿದ್ದೆ.

ಬೇಕರಿಯೊಂದರ ಮೇಲಿನ ಎರಡು ಕೋಣೆಯ ಮನೆ. ಬಾಗಿಲು ತೆರೆದವರು ಅವಳ ತಾಯಿ. ಹೊಲಿಗೆ ಕೆಲಸದವರು, ಕೊರಳಿಗೆ ಅಳತೆಪಟ್ಟಿ ಜೋತುಬಿದ್ದಿತ್ತು. ನಾನು ಯಾರೆಂದು ಹೇಳಿದ ಕೂಡಲೇ ಅವರು ಬಾಗಿಲಿಗೆ ಅಡ್ಡ ನಿಂತರು.

‘ಬೈಯೋದಿದ್ರೆ ನನ್ನ ಬೈಯಿರಿ ಅಣ್ಣ. ಅವಳು ಈಗಾಗಲೇ ಅನ್ನ ನೀರು ಬಿಟ್ಟು ಕೂತಿದ್ದಾಳೆ. ಹೆತ್ತವಳು ನಾನಿದ್ದೀನಲ್ಲ, ನನಗೇ ಅನ್ನಿ.’

ಒಳಗಿನಿಂದ ‘ಬಿಡಮ್ಮಾ, ಅವರು ಬರ್ಲಿ’ ಎಂಬ ದನಿ ಬಂತು.

ಹುಡುಗಿ ಕಿಟಕಿಯ ಪಕ್ಕ, ಹೊಲಿಗೆ ಯಂತ್ರದ ಆಚೆ, ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎದ್ದು ನಿಲ್ಲಲು ನೋಡಿದಳು. ಕೈ ಊರಲು ಆಗಲಿಲ್ಲ. ಆಗ ಕಂಡೆ: ಎರಡೂ ಕೈಗೆ ಮಣಿಕಟ್ಟಿನ ಮೇಲಿನವರೆಗೆ ಬ್ಯಾಂಡೇಜು ಸುತ್ತಿತ್ತು.

‘ಕೈಗೆ ಏನಾಯ್ತಮ್ಮ?’ ಎಂದೆ. ನಾನು ಮಸೆದುಕೊಂಡು ಹೋಗಿದ್ದ ಮಾತು ಅದಾಗಿರಲಿಲ್ಲ.

ತಾಯಿ ಹೇಳಿದರು: ‘ನಿಮಗೆ ಯಾರೂ ಹೇಳಿಲ್ವಾ ಅಣ್ಣ? ಚೌಕಟ್ಟು ತಂತಿಗೆ ತಾಗಿದಾಗ ಬೇರೆ ಹುಡುಗ್ರೆಲ್ಲ ಚಿಮ್ಮಿ ಬಿದ್ರಂತೆ. ನಿಮ್ಮ ಮಗನ ಕೈ ಮಾತ್ರ ಬಿಡಲಿಲ್ವಂತೆ. ಇವಳು ಓಡಿಹೋಗಿ ಅವನ ಅಂಗಿ ಹಿಡ್ಕೊಂಡು ಎಳೆದಿದ್ದಾಳೆ. ಒಂದು ಸಲ ಕರೆಂಟು ಇವಳನ್ನ ಎಸೆದು ಹಾಕಿದೆ. ಎದ್ದು ಮತ್ತೆ ಹೋಗಿದ್ದಾಳೆ.’

ಪ್ರಾಂಶುಪಾಲರೇ, ನೀವು ಚಹಾ ಕುಡಿಸಿ ಹೇಳಿದ ತೀರ್ಮಾನದಲ್ಲಿ ಈ ಕೈಗಳು ಇರಲಿಲ್ಲ. ನಿಮ್ಮ ಸಮಿತಿ ಅವಳನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸಿತ್ತಲ್ಲ? ಆಗ ಆ ಬ್ಯಾಂಡೇಜುಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳಲು ಹೇಳಿದ್ದಿರಾ?

ಹುಡುಗಿ ನನ್ನ ಮುಖ ನೋಡಿ ಹೇಳಿದಳು: ‘ಅಂಕಲ್, ಹಿಡ್ಕೊಳ್ರೋ, ಎತ್ರೋ ಅಂತ ಕೂಗಿದ್ದು ನಾನೇ. ಸಮಿತಿಯವರು ಬರ್ದಿರೋದು ಸುಳ್ಳಲ್ಲ.’

‘ಅಲ್ಲಿ ತಂತಿ ಇರೋದು ನಿನಗೆ ಗೊತ್ತಿರಲಿಲ್ವಾ?’

‘ಗೊತ್ತಿತ್ತು. ಅದಕ್ಕೇ ಹಿಂದಿನ ದಿನ ಪ್ರಿನ್ಸಿಪಾಲ್ ಸರ್ ಹತ್ರ ಹೋಗಿ, ಇಲ್ಲಿ ಬೇಡ ಸರ್, ಆಟದ ಮೈದಾನದ ಕಡೆ ನಿಲ್ಲಿಸೋಣ, ಇಲ್ಲಾಂದ್ರೆ ಕೆಲಸದವರನ್ನ ಕರೆಸಿ ಅಂದೆ. ಅವರು ಒಪ್ಪಲಿಲ್ಲ. ಮೈದಾನದಲ್ಲಿ ಯಾರು ನೋಡ್ತಾರೆ ಅಂದ್ರು. ಒಂದು ಬೋರ್ಡು ನಿಲ್ಲಿಸೋಕಾಗಲ್ಲ, ನೀನೆಂಥ ಲೀಡರ್ರು ಅಂದ್ರು. ಬೇಡ ಅಂದೆ. ಆದ್ರೆ ಬೇಡ ಅಂದ್ಮೇಲೂ ಮಾಡಿದೆನಲ್ಲ. ಅದು ನನ್ನ ತಪ್ಪಲ್ವಾ ಅಂಕಲ್?’

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ಅವಳು ನನ್ನನ್ನು ಕೇಳಿದಳು. ನಾನು ನೆಲದ ಮೇಲೆ ಅವಳ ಎದುರಿಗೆ ಕೂತೆ. ಕೆಳಗಿನ ಬೇಕರಿಯಿಂದ ಬ್ರೆಡ್ಡು ಬೇಯುವ ವಾಸನೆ ಬರುತ್ತಿತ್ತು. ಕೊನೆಗೆ ನಾನೇ ಕೇಳಿದೆ, ‘ನಮ್ಮ ಹುಡುಗ ಅಲ್ಲಿ ಹೇಗಿದ್ದನಮ್ಮ? ಮಾತಾಡ್ತಿದ್ನಾ?’

ಅವಳ ಮುಖದಲ್ಲಿ ಆಗ ಬಂದದ್ದನ್ನು ನಗೆ ಎನ್ನಬೇಕೋ ಏನೆನ್ನಬೇಕೋ ತಿಳಿಯದು. ‘ಮಾತಾಡ್ತಿದ್ನಾ ಅಂತ ಕೇಳ್ತೀರಲ್ಲ! ಮೈಕ್ ಸರಿ ಇದೆಯಾ ಅಂತ ನೋಡೋಕೆ ಒಂದಿನ ಅವನನ್ನ ವೇದಿಕೆ ಹತ್ತಿಸಿದ್ವಿ. ಹಲೋ ಹಲೋ ಅಂದ್ರೆ ಸಾಕಿತ್ತು. ಅವನು ಸುಮ್ನೆ ನಿಂತ. ನಾನು, ಏನಾದ್ರೂ ಹೇಳೋ ಮಾರಾಯಾ, ಅಂದೆ. ಆಗ ಗಂಟಲು ಸರಿಮಾಡ್ಕೊಂಡು, ದನಿ ದಪ್ಪ ಮಾಡ್ಕೊಂಡು ಶುರು ಮಾಡಿದ: ಇದಾ, ಇದಾ? ಮೊದ್ಲಿಂದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ? ಕಣ್ಣು ಕಿರಿದು ಮಾಡ್ಬೇಡಿ, ಆರಾಮಾಗಿ ನೋಡಿ. ಅಮ್ಮಾ, ಅದು ಎಂಟಲ್ಲ, ಮೂರು. ಊಹೆ ಮಾಡೋಕೆ ಇದು ಲಾಟರಿ ಅಲ್ಲ... ಅಂಕಲ್, ಇಡೀ ಮೈದಾನ ಬಿದ್ದು ಬಿದ್ದು ನಕ್ತು. ದಿನಾ ಮಾಡಿಸ್ತಿದ್ವಿ ಆಮೇಲೆ. ಅದು ಯಾರೋ ಅಂದ್ರೆ, ನಮ್ಮಪ್ಪ ಅಂತಿದ್ದ.’

ಇಷ್ಟು ವರ್ಷ ಪರದೆಯ ಹಿಂದೆ ಕೂತು ಅವನು ಕೇಳಿಸಿಕೊಳ್ಳುತ್ತಿದ್ದದ್ದು ನನ್ನನ್ನೇ. ನನ್ನ ಮಾತು, ನನ್ನ ಕೆಮ್ಮು, ಗಿರಾಕಿಗಳನ್ನು ನಾನು ಗದರುವ ರೀತಿ, ಎಲ್ಲ ಅವನ ಬಾಯಲ್ಲಿತ್ತು. ನನಗೆ ಅದು ಗೊತ್ತೇ ಇರಲಿಲ್ಲ. ನಾನು ಅಲ್ಲಿ ನಕ್ಕೆ, ಸ್ವಾಮಿ. ಮಗ ಸತ್ತ ಮೇಲೆ ಮೊದಲ ಬಾರಿಗೆ ನಕ್ಕೆ. ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎಂದು ಹೇಳಲಾರೆ. ಹುಡುಗಿಯ ತಾಯಿ ನೀರು ತಂದುಕೊಟ್ಟರು. ಅಂದರೆ ನನ್ನ ಮಗನನ್ನು ಬಾಯಿ ಬಿಡುವಂತೆ ಮಾಡಿದವಳು ಇವಳು. ನಮ್ಮಿಂದ ಆಗದ್ದು, ಶಾಲೆಯಿಂದ ಆಗದ್ದು, ಒಂದು ಪೆನ್ನು ಕೈಗೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದಳು. ನಿಮ್ಮ ಭಾಷಣಗಳಲ್ಲಿ ಬರುವ ನಾಯಕತ್ವವನ್ನು ನಾನು ಕಣ್ಣಾರೆ ಕಂಡಿದ್ದರೆ ಅದು ಬೇಕರಿಯ ಮೇಲಿನ ಆ ಕೋಣೆಯಲ್ಲಿ, ಬ್ಯಾಂಡೇಜು ಸುತ್ತಿಕೊಂಡು ಕೂತಿತ್ತು.

ಮನೆಗೆ ಬಂದು ಹೆಂಡತಿಗೂ ತಾಯಿಗೂ ಎಲ್ಲ ಹೇಳಿದೆ. ನನ್ನ ತಾಯಿ ಒಂದು ಗಾದೆ ಹೇಳಿದಳು: ‘ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸ್ತಂತೆ.’ ನಿಮ್ಮ ಹುದ್ದೆಯ ಘನತೆಗೆ ಕುಂದು ಬಾರದಿರಲೆಂದು ಇದನ್ನು ವಿವರಿಸದೆ ಬಿಡುತ್ತೇನೆ.

ಆದರೂ ಒಬ್ಬರ ಮಾತನ್ನೇ ನಂಬಿ ತೀರ್ಮಾನಿಸುವುದು ನಿಮ್ಮ ಸಮಿತಿಯ ಪದ್ಧತಿ, ನಮ್ಮದಲ್ಲ. ಅದಕ್ಕೇ ನಾನೂ ನನ್ನ ಹೆಂಡತಿಯೂ ಮತ್ತೆ ನಿಮ್ಮ ಕೋಣೆಗೆ ಬಂದೆವು. ನೆನಪಿದೆಯಲ್ಲ? ಹುಡುಗಿ ಹಿಂದಿನ ದಿನ ಬೇಡವೆಂದಿದ್ದು ನಿಜವೇ ಎಂದು ನಾನು ಕೇಳಿದೆ. ನೀವು ಕೈ ಬೀಸಿ ಹೇಳಿದಿರಿ: ‘ಏನೋ ಗೊಣಗಿದ್ಲು. ಈ ಕಾಲದ ಮಕ್ಕಳು ಯಾವ ಕೆಲಸ ಹೇಳಿದ್ರೂ ಗೊಣಗ್ತಾರೆ. ಅದನ್ನೆಲ್ಲ ಕಿವಿ ಮೇಲೆ ಹಾಕ್ಕೊಳ್ತಾ ಕೂತ್ರೆ ಕಾಲೇಜು ನಡೆಸೋಕಾಗುತ್ತಾ?’

‘ಕೆಲಸದವರನ್ನ ಕರೆಸಬಹುದಿತ್ತಲ್ಲ ಸರ್?’

‘ಕೆಲಸದವರೇ ಎಲ್ಲಾ ಮಾಡಿದ್ರೆ ವಿದ್ಯಾರ್ಥಿಗಳಿಗೆ ಅನುಭವ ಎಲ್ಲಿಂದ ಬರುತ್ತೆ ಹೇಳಿ?’

ಆಗ ನನ್ನ ಹೆಂಡತಿ ಕೇಳಿದಳು: ‘ಅಲ್ಲೇ ನಿಲ್ಲಿಸ್ಬೇಕು ಅಂತ ಹೇಳಿದ್ದು ಯಾರು?’

‘ಕಾರಿನಿಂದ ಇಳಿಯೋರಿಗೆ ಕಾಣ್ಬೇಕಲ್ಲಮ್ಮ’ ಎಂದಿರಿ ನೀವು.

ಯಾರು ಎಂದು ಕೇಳಿದರೆ ಏಕೆ ಎಂದು ಉತ್ತರ ಕೊಟ್ಟಿರಿ. ಆದರೆ ನಮಗೆ ಬೇಕಾದ್ದು ಅದರೊಳಗೇ ಇತ್ತು. ಅವಳು ಹೇಳಿದ್ದಳು, ನೀವು ಕೇಳಿಸಿಕೊಂಡಿದ್ದಿರಿ, ತಳ್ಳಿಹಾಕಿದ್ದಿರಿ. ನಿಮ್ಮ ಬಾಯಿಂದಲೇ ಬಂತು, ಕೇಳಿದ ನಾವಿಬ್ಬರೂ ಬದುಕಿದ್ದೇವೆ. ಹೊರಡುವಾಗ ನೀವು, ‘ಭಾವುಕರಾಗಬೇಡಿ, ಮುಂದಿನ ದಾರಿ ನೋಡಿ’ ಎಂದು ಹಿತವಚನ ಹೇಳಿದಿರಿ. ಮುಂದಿನ ದಾರಿಯಲ್ಲಿ ಏನಿದೆ ಸ್ವಾಮಿ? ಅಂಗಡಿಯ ಪರದೆಯ ಹಿಂದೆ ನಿಂತುಹೋದ ಯಂತ್ರವಿದೆ. ಅದನ್ನು ಓಡಿಸಲು ಬೇರೊಬ್ಬರನ್ನು ಇಡಲು ನನ್ನ ಹೆಂಡತಿ ಇನ್ನೂ ಒಪ್ಪಿಲ್ಲ.

ಈಗ ಸ್ವಲ್ಪ ಹೊತ್ತು ನಾಯಕತ್ವದ ಬಗ್ಗೆ ಮಾತಾಡೋಣ, ಅದು ನಿಮಗೆ ಪ್ರಿಯವಾದ ವಿಷಯ. ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗೆ ನಿಮ್ಮ ಕಾಲೇಜಿನಲ್ಲಿ ಏನು ಅಧಿಕಾರವಿತ್ತು? ಒಂದು ಕೋಣೆಯ ಬೀಗದ ಕೈ ಅವಳ ಬಳಿ ಇತ್ತೇ? ಒಬ್ಬ ಕೆಲಸದವನನ್ನು ಕರೆಸುವ ಹಕ್ಕಿತ್ತೇ? ‘ಆಗದು’ ಎನ್ನುವ ಹಕ್ಕಿತ್ತೇ? ಯಾವುದೂ ಇರಲಿಲ್ಲ. ಅತಿಥಿಗೆ ಹೂಗುಚ್ಛ ಕೊಡುವಾಗ, ಕುರ್ಚಿ ಜೋಡಿಸುವಾಗ, ಸಭಾಂಗಣ ತುಂಬಿಸುವಾಗ ಅವಳು ನಿಮ್ಮ ಹುಡುಗಿ, ಕಾಲೇಜಿನ ಹೆಮ್ಮೆ. ಎದುರು ಮಾತಾಡಿದಾಗ ಗೊಣಗುವ ಮಗು. ಹೆಣ ಬಿದ್ದಾಗ ಮಾತ್ರ ಇದ್ದಕ್ಕಿದ್ದಂತೆ ‘ಮೇಲ್ವಿಚಾರಣೆಯ ಸಂಪೂರ್ಣ ಹೊಣೆ ಹೊತ್ತ ಪದಾಧಿಕಾರಿ’. ಇಪ್ಪತ್ತೊಂದು ವರ್ಷದ ಹುಡುಗಿಗೆ ನೀವು ಕೊಟ್ಟ ಒಂದೇ ಒಂದು ನಿಜವಾದ ಅಧಿಕಾರ, ನಿಮ್ಮ ಪಾಲಿನ ತಪ್ಪನ್ನು ಹೊರುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಹಳ್ಳಿಯ ಅಜ್ಞಾನ ಎಂದುಕೊಂಡಿದ್ದೆ. ಅದಕ್ಕೂ ಒಂದು ಸಮಿತಿ, ಒಂದು ಮೊಹರು, ಒಂದು ಕಪ್ ಚಹಾ ಇರುತ್ತದೆಂದು ನಿಮ್ಮ ಕೋಣೆಯಲ್ಲಿ ಕಲಿತೆ.

ಮಕ್ಕಳು ಇದರಿಂದ ಏನು ಕಲಿತರು ಎಂಬುದನ್ನೂ ನೋಡಿ. ಈ ಸೆಮಿಸ್ಟರಿನಲ್ಲಿ ಕಾರ್ಯದರ್ಶಿ ಸ್ಥಾನಕ್ಕೆ ಒಬ್ಬರೂ ನಿಂತಿಲ್ಲವಂತೆ. ಮರದ ಕೆಳಗಿನ ಮೇಜುಗಳಲ್ಲಿ ಅರ್ಧಕ್ಕರ್ಧ ಖಾಲಿಯಂತೆ. ‘ಈಗಿನವರಿಗೆ ಆಸಕ್ತಿಯೇ ಇಲ್ಲ’ ಎಂದು ನೀವು ಬೇಸರಪಟ್ಟಿರೆಂದು ಕೇಳಿದೆ. ಆಸಕ್ತಿ ಇದ್ದವರ ಗತಿ ಏನಾಯಿತೆಂದು ಅವರು ನೋಡಿದ್ದಾರೆ. ಒಬ್ಬ ಮಣ್ಣಿನಲ್ಲಿದ್ದಾನೆ, ಒಬ್ಬಳು ಮನೆಯಲ್ಲಿದ್ದಾಳೆ. ಅವಳ ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಭಾನುವಾರ ನಮ್ಮ ಅಂಗಡಿ ಮುಚ್ಚಿರುವಾಗ ಅವಳು ನಮ್ಮ ಮನೆಗೆ ಬರುತ್ತಾಳೆ. ನನ್ನ ಹೆಂಡತಿ ಅವಳ ಕೈಗೆ ಮುಲಾಮು ಹಚ್ಚಿ, ಬೆರಳುಗಳನ್ನು ಒಂದೊಂದಾಗಿ ನೀವುತ್ತಾಳೆ. ಮಗ ಕರೆದುಕೊಂಡು ಬರುತ್ತೇನೆಂದಿದ್ದ ಅಕ್ಕ ಬಂದಿದ್ದಾಳೆ, ಕರೆದುಕೊಂಡು ಬರಬೇಕಿದ್ದವನು ಇಲ್ಲ.

ಹೀಗಿರುವಾಗ ಕಳೆದ ವಾರ ನಿಮ್ಮ ಗುಮಾಸ್ತರು ಅಂಗಡಿಗೆ ಬಂದು ಬಹಳ ವಿನಯದಿಂದ ಒಂದು ಆಹ್ವಾನ ಕೊಟ್ಟು ಹೋದರು. ಈ ಸಲದ ನಾಯಕತ್ವ ಸಪ್ತಾಹದಲ್ಲಿ ನನ್ನ ಮಗನ ಹೆಸರಿನಲ್ಲಿ ‘ಅತ್ಯುತ್ತಮ ಸ್ವಯಂಸೇವಕ ಪ್ರಶಸ್ತಿ’ ಸ್ಥಾಪಿಸಿದ್ದೀರಂತೆ. ಶುಕ್ರವಾರ ನಾನು ವೇದಿಕೆಗೆ ಬಂದು ಅದನ್ನು ನನ್ನ ಕೈಯಾರೆ ಕೊಡಬೇಕಂತೆ. ಅಂದರೆ ನಾನು ವೇದಿಕೆ ಹತ್ತಿ, ನಿಮ್ಮ ಪಕ್ಕದಲ್ಲಿ ಕೂತು, ನಿಮ್ಮ ಬಗ್ಗೆ ಯಾವ ದೂರೂ ಇಲ್ಲದ ತಂದೆಯಾಗಿ ಛಾಯಾಚಿತ್ರದಲ್ಲಿ ಕಾಣಿಸಿಕೊಳ್ಳಬೇಕು. ಯಾವುದೋ ಮನೆಯ ಮಗುವಿನ ಕೊರಳಿಗೆ ಪದಕ ಹಾಕಿ, ‘ನೀನೂ ಹೀಗೇ ಹೇಳಿದ್ದನ್ನು ಮಾಡುತ್ತಿರಪ್ಪಾ’ ಎಂದು ಹರಸಬೇಕು. ಯಾರ ಮಗುವಿಗೆ ನಾನು ಹಾಗೆ ಹೇಳಲಿ?

ನನ್ನ ಹೆಂಡತಿ ಆ ಆಹ್ವಾನವನ್ನು ಓದಿ, ಮಡಚಿ, ಮೇಜಿನ ಮೇಲಿಟ್ಟು ಒಳಗೆ ಹೋದಳು. ಮರುದಿನ ಬೆಳಿಗ್ಗೆ, ನಿಮ್ಮ ಈ ಸೆಮಿಸ್ಟರಿನ ಮೊದಲ ದಿನ, ‘ಬಾ ಮಗಳೇ, ನಿನ್ನ ಕಾಲೇಜು ನೋಡ್ಕೊಂಡು ಬರೋಣ’ ಎಂದು ಆ ಹುಡುಗಿಯನ್ನು ಕರೆದುಕೊಂಡು ಹೊರಟಳು. ನಾನೂ ಹಿಂದೆ ಹೋದೆ. ಕಾವಲುಗಾರ ಹುಡುಗಿಯ ಗುರುತು ಹಿಡಿದ. ಪಾಪ, ಅವನ ಮುಖವೇ ಬಾಡಿತು. ‘ಒಳಗೆ ಬಿಡ್ಬೇಡ ಅಂದಿದಾರಮ್ಮ, ನನ್ನ ಕೈಲೇನಿದೆ ಹೇಳು’ ಎಂದ. ‘ಗೊತ್ತಣ್ಣ, ಇಲ್ಲೇ ನಿಂತಿರ್ತೀವಿ’ ಎಂದಳು ಅವಳು.

ಬಾಗಿಲಿನ ಆಚೆ ಹೊಸ ಮಕ್ಕಳು ಹೋಗುತ್ತಿದ್ದರು. ಹೊಸ ಚೀಲ, ಎಣ್ಣೆ ಹಚ್ಚಿ ಬಾಚಿದ ತಲೆ, ಹಿಂದೆ ಮುಂದೆ ನೋಡುವ ಕಣ್ಣು. ಅವರಲ್ಲಿ ಒಬ್ಬ ಹುಡುಗಿ ಬಾಗಿಲವರೆಗೆ ಬಂದವಳು ಒಳಗೆ ಹೋಗದೆ ಅಲ್ಲೇ ನಿಂತಳು. ಅವಳ ಅಪ್ಪ ಆಗಲೇ ಬಸ್ಸು ಹತ್ತಿ ಹೋಗಿದ್ದರೆಂದು ತೋರುತ್ತದೆ. ಅತ್ತ ನೋಡಿದಳು, ಇತ್ತ ನೋಡಿದಳು, ಆಮೇಲೆ ನಮ್ಮ ಬಳಿ ಬಂದು ಬಹಳ ಮೆಲ್ಲಗೆ, ‘ಅಕ್ಕಾ, ರಸಾಯನಶಾಸ್ತ್ರ ವಿಭಾಗ ಎಲ್ಲಿ?’ ಎಂದಳು.

ನಿಮ್ಮ ಮಾಜಿ ಕಾರ್ಯದರ್ಶಿ ದಾರಿ ಹೇಳಿದಳು. ಎಡಕ್ಕೆ ಹೋಗು, ಹಳದಿ ಕಟ್ಟಡ ಸಿಗುತ್ತೆ, ಮೆಟ್ಟಿಲು ಹತ್ತಿದ್ರೆ ಬಲಗಡೆ. ಹುಡುಗಿ ತಲೆಯಾಡಿಸಿದಳು, ಆದರೆ ಹೆಜ್ಜೆ ಕಿತ್ತಿಡಲಿಲ್ಲ. ‘ಹೆದರ್ಕೊಂಡಿದ್ದೀಯಾ?’ ಎಂದಳು ಇವಳು. ಹುಡುಗಿ ಹೂಂ ಎಂದಳು. ‘ಎಲ್ರೂ ಹೆದರಿರ್ತಾರೆ ಕಣೇ, ತೋರಿಸ್ಕೊಳ್ಳಲ್ಲ ಅಷ್ಟೆ. ನಡಿ’ ಎಂದು ಅವಳ ಕೈ ಹಿಡಿದು ಬಾಗಿಲಿನ ಗೆರೆಯವರೆಗೆ ನಡೆದಳು. ಗೆರೆಯ ಬಳಿ ನಿಂತು ಕೈ ಬಿಟ್ಟಳು. ಹೊಸ ಹುಡುಗಿ ಒಳಗೆ ಹೋದಳು. ಇವಳು ಹೊರಗೇ ನಿಂತು, ಅವಳು ಹಳದಿ ಕಟ್ಟಡದ ಹತ್ತಿರ ಸರಿಯಾಗಿ ತಿರುಗಿದಳೇ ಎಂದು ಕತ್ತು ಚಾಚಿ ನೋಡುತ್ತಿದ್ದಳು. ಕಾವಲುಗಾರ ಮುಖ ತಿರುಗಿಸಿಕೊಂಡ. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

ಪ್ರಾಂಶುಪಾಲರೇ, ನನ್ನ ಬೇಡಿಕೆ ಇಷ್ಟೇ. ಆ ಹುಡುಗಿಯನ್ನು ಒಳಗೆ ಕರೆಯಿರಿ. ‘ಕರುಣೆಯಿಂದ’ ಎಂದು ಸೇರಿಸಬೇಡಿ. ಅವಳು ಎಚ್ಚರಿಸಿದ್ದಳು, ನಾವು ಕೇಳಲಿಲ್ಲ ಎಂದು ಎಲ್ಲರ ಎದುರಿಗೆ ಹೇಳಿ ಕರೆಯಿರಿ. ಆ ಚೌಕಟ್ಟನ್ನು ಅಲ್ಲೇ ನಿಲ್ಲಿಸಲು ಹೇಳಿದವರು ಯಾರೆಂಬುದಕ್ಕೆ ಈ ಸಲ ಏಕೆ ಎಂಬ ಉತ್ತರ ಬೇಡ, ಹೆಸರು ಬೇಕು. ನಿಮ್ಮ ಕೆಳಗಿನವರಲ್ಲದ ಯಾರಾದರೂ ಅದನ್ನು ವಿಚಾರಿಸಲಿ. ಮಕ್ಕಳು ಬೇಡವೆಂದದ್ದನ್ನು ಇನ್ನು ಮುಂದೆ ಗೊಣಗಾಟ ಎನ್ನಬೇಡಿ. ಮತ್ತು ಆ ಪ್ರಶಸ್ತಿಯಿಂದ ನನ್ನ ಮಗನ ಹೆಸರನ್ನು ತೆಗೆಯಿರಿ. ಅವನು ಅತ್ಯುತ್ತಮ ಸ್ವಯಂಸೇವಕನಾಗಿರಲಿಲ್ಲ. ಆಗತಾನೇ ನಾಲ್ಕು ಜನರ ನಡುವೆ ನಿಲ್ಲಲು ಕಲಿಯುತ್ತಿದ್ದ ಹುಡುಗ. ಅವನಿಗೆ ಇನ್ನೂ ಸ್ವಲ್ಪ ಕಾಲ ಬೇಕಿತ್ತು.

ಶುಕ್ರವಾರ ನಾನು ಬರುವುದಿಲ್ಲ. ಅವಳನ್ನು ಕರೆದ ದಿನ ಬರುತ್ತೇನೆ. ವೇದಿಕೆಗೆ ಬೇಡ; ಬಾಗಿಲವರೆಗೆ ಬಂದು, ಅವಳು ಒಳಗೆ ಹೋದದ್ದನ್ನು ನೋಡಿಕೊಂಡು ಹೊರಟುಹೋಗುತ್ತೇನೆ. ಮಗನನ್ನು ಬಿಡಲು ಹಾಗೆ ಒಂದು ದಿನವೂ ಬಂದಿರಲಿಲ್ಲ, ‘ನಾನೇನು ಚಿಕ್ಕ ಮಗುವಾ?’ ಎನ್ನುತ್ತಿದ್ದ.

ಇಂತಿ,
ನಿಮ್ಮಿಂದ ನ್ಯಾಯ ಪಡೆದೂ ತೃಪ್ತನಾಗದ,
ಮಗನಿಲ್ಲದ, ಈಗ ಒಬ್ಬ ಮಗಳ ಪೋಷಕ